ಹಳೇ ಫ್ಲ್ಯಾಟಿಗೆ ‘ಹೊಸ ಲಾಂಚ್’ ಬೋರ್ಡು: ಮತ್ತೆ ಮಾರಾಟಕ್ಕಿಡುವುದು ತಪ್ಪಲ್ಲ, ವಯಸ್ಸು ಮುಚ್ಚಿಡುವುದು ತಪ್ಪು

ಯಲಹಂಕ: ಹೆಬ್ಬಾಳ ಫ್ಲೈಓವರ್ ಇಳಿದು ಬಳ್ಳಾರಿ ರಸ್ತೆಯಲ್ಲಿ ಬಂದರೆ ಆಗಲಿ, ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು ರಾಜಾನುಕುಂಟೆ ಕಡೆ ಹೋದರೆ ಆಗಲಿ, ಕಣ್ಣಿಗೆ ಬೀಳುವುದು ಫ್ಲ್ಯಾಟುಗಳ ಬೋರ್ಡು. ‘ನ್ಯೂ ಲಾಂಚ್’, ‘ಕೊನೇ ಕೆಲವೇ ಮನೆಗಳು’, ‘ಈ ಭಾನುವಾರದವರೆಗೆ ಮಾತ್ರ’. ಮೊಬೈಲ್ ತೆಗೆದರೂ ಅದೇ. ವಾಟ್ಸ್‌ಆ್ಯಪ್ ಸ್ಟೇಟಸ್, ರೀಲ್ಸು, ಪೋರ್ಟಲ್‌ಗಳಲ್ಲಿ ‘ಇಂದು ಪೋಸ್ಟ್ ಆಗಿದೆ’ ಅನ್ನುವ ಪಟ್ಟಿ.

ಇವುಗಳಲ್ಲಿ ಎಷ್ಟು ಮನೆ ನಿಜವಾಗಿ ಹೊಸದು? ಎರಡು ಮೂರು ವರ್ಷದಿಂದ ಮಾರಾಟವಾಗದೆ ಉಳಿದ ಮನೆಯನ್ನೇ ಹೊಸ ಫೋಟೊ, ಹೊಸ ಹೆಸರು, ಹೊಸ ಆಫರ್ ಹಾಕಿ ಮತ್ತೆ ಪಟ್ಟಿಗೆ ಏರಿಸುವುದು ರಿಯಲ್ ಎಸ್ಟೇಟ್ ಮಾರ್ಕೆಟಿಂಗ್‌ನಲ್ಲಿ ಮಾಮೂಲಿ ಪದ್ಧತಿ. ದಂಧೆಯ ಮಾತಿನಲ್ಲಿ ಇದಕ್ಕೆ ‘ರೀಲಿಸ್ಟಿಂಗ್’ ಅನ್ನುತ್ತಾರೆ. ಇದು ಸರಿಯೋ ತಪ್ಪೋ? ಎಲ್ಲಿಯವರೆಗೆ ವ್ಯಾಪಾರ, ಎಲ್ಲಿಂದ ಮೋಸ? ಜೀವಮಾನದ ಉಳಿತಾಯ ಹಾಕಿ, ಇಪ್ಪತ್ತು ವರ್ಷದ ಬ್ಯಾಂಕ್ ಸಾಲ ಹೊತ್ತು ಮನೆ ಕೊಳ್ಳುವವರು ಟೋಕನ್ ದುಡ್ಡು ಕೊಡುವ ಮೊದಲೇ ತಿಳಿದಿರಬೇಕಾದ ವಿಚಾರ ಇದು. ಕಮಿಷನ್ ಆಸೆಗೆ ಪಾರ್ಟಿ ಕರೆದುಕೊಂಡು ಹೋಗುವ ಅಂಗಡಿಯವರಿಗೂ ಇದರಲ್ಲಿ ಪಾಲಿದೆ.

ಮರುಪಟ್ಟಿ ಹೇಗೆಲ್ಲ ಆಗುತ್ತದೆ?

ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸ ನಡೆಯುತ್ತದೆ. ಇವನ್ನು ಬೇರ್ಪಡಿಸಿ ನೋಡದಿದ್ದರೆ ತಪ್ಪು ಯಾವುದು, ಸರಿ ಯಾವುದು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು, ಮಾರಾಟವಾಗದೆ ಉಳಿದ ಮನೆಯನ್ನು ಮತ್ತೆ ಜಾಹೀರಾತು ಮಾಡುವುದು. ಇದರಲ್ಲಿ ಮುಚ್ಚುಮರೆ ಇಲ್ಲ.

ಎರಡನೆಯದು, ಉಳಿದ ಮನೆಗಳನ್ನೇ ಒಟ್ಟು ಹಾಕಿ ‘ಫೇಸ್-2’, ‘ಪ್ರೀಮಿಯಂ ಕಲೆಕ್ಷನ್’ ಅಂತ ಹೊಸ ಹೆಸರು ಕೊಟ್ಟು, ಈಗಷ್ಟೇ ಶುರುವಾದ ಯೋಜನೆ ಎಂಬ ಭಾವನೆ ಹುಟ್ಟಿಸುವುದು. ಪೋರ್ಟಲ್‌ನಲ್ಲಿ ಹಳೇ ಪೋಸ್ಟ್ ಅಳಿಸಿ ಹೊಸದಾಗಿ ಹಾಕಿ, ಎಷ್ಟು ದಿನದಿಂದ ಮಾರಾಟಕ್ಕಿದೆ ಎನ್ನುವ ಲೆಕ್ಕವನ್ನು ಸೊನ್ನೆ ಮಾಡುವುದೂ ಇದೇ ಜಾತಿ.

ಮೂರನೆಯದು, ಒಬ್ಬರು ಬುಕ್ ಮಾಡಿ ಆಮೇಲೆ ರದ್ದಾದ ಮನೆ. ಲೋನ್ ಸಿಗದೆ, ಕೆಲಸ ಹೋಗಿ, ಅಥವಾ ಬಿಲ್ಡರ್ ಜೊತೆ ಜಗಳವಾಗಿ ಬಿಟ್ಟುಹೋದ ಮನೆ ಮತ್ತೆ ಮಾರಾಟಕ್ಕೆ ಬರುತ್ತದೆ. ಹಳೇ ಗ್ರಾಹಕರ ದುಡ್ಡು ವಾಪಸ್ ಆಗಿದೆಯೇ, ಕರಾರು ಕಾನೂನುಬದ್ಧವಾಗಿ ರದ್ದಾಗಿದೆಯೇ ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ.

ನಾಲ್ಕನೆಯದು ಉಲ್ಟಾ ಆಟ. ಆಗಲೇ ಮಾರಾಟವಾಗಿಹೋದ ಮನೆಯನ್ನೇ ಕಡಿಮೆ ರೇಟಿಗೆ ಪಟ್ಟಿಯಲ್ಲಿ ಬಿಟ್ಟಿರುವುದು. ಫೋನ್ ಮಾಡಿದರೆ, ‘ಸಾರ್, ಅದು ನಿನ್ನೆ ತಾನೇ ಹೋಯ್ತು, ಅದೇ ಲೈನಲ್ಲಿ ಇನ್ನೊಂದಿದೆ, ಎಂಟು ಲಕ್ಷ ಜಾಸ್ತಿ ಅಷ್ಟೇ, ಬನ್ನಿ ತೋರಿಸ್ತೀನಿ’ ಅನ್ನುವ ಉತ್ತರ.

ಮೊದಲನೆಯದು ವ್ಯಾಪಾರ. ಎರಡನೆಯದು ಮತ್ತು ನಾಲ್ಕನೆಯದು ಗ್ರಾಹಕರ ಕಣ್ಣಿಗೆ ಮಣ್ಣೆರಚುವುದು. ಮೂರನೆಯದು ಹೇಳಿ ಮಾಡಿದರೆ ಸರಿ, ಹೇಳದೆ ಮಾಡಿದರೆ ಅಪಾಯ.

ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ

ಈ ವ್ಯತ್ಯಾಸ ಅಂಗಡಿ ನಡೆಸುವವರಿಗೆ ಬೇಗ ಅರ್ಥವಾಗುತ್ತದೆ. ದೀಪಾವಳಿಗೆ ತಂದ ಬಟ್ಟೆ ಸಂಕ್ರಾಂತಿಗೂ ಉಳಿದರೆ ‘ಸ್ಟಾಕ್ ಕ್ಲಿಯರೆನ್ಸ್’ ಬೋರ್ಡು ಹಾಕಿ ಮಾರುವುದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಗಿರಾಕಿಗೆ ಹಳೇ ಮಾಲು ಅಂತ ಗೊತ್ತು, ರೇಟು ಕಡಿಮೆ ಅಂತಲೂ ಗೊತ್ತು. ಆದರೆ ಬಿಸ್ಕತ್ ಪ್ಯಾಕೆಟ್ ಮೇಲಿನ ತಾರೀಖು ಅಳಿಸಿ ಹೊಸ ಚೀಟಿ ಅಂಟಿಸಿದರೆ ಅದು ವ್ಯಾಪಾರವಲ್ಲ. ಮಾಲು ಅದೇ, ಅಂಗಡಿಯೂ ಅದೇ. ಬದಲಾದದ್ದು ಗಿರಾಕಿಗೆ ಸಿಕ್ಕ ಮಾಹಿತಿ ಮಾತ್ರ.

ಮನೆಗೆ ಪ್ಯಾಕೆಟ್ ಮೇಲಿನ ತಾರೀಖು ಇರುವುದಿಲ್ಲ. ಗೋಡೆಗೆ ಹೊಸ ಬಣ್ಣ ಬಳಿದರೆ ಮೂರು ವರ್ಷ ಖಾಲಿ ಬಿದ್ದಿದ್ದ ಮನೆಯೂ ನಿನ್ನೆ ಮುಗಿದಂತೆ ಕಾಣುತ್ತದೆ. ಆದ್ದರಿಂದಲೇ ಮಾರುವವರು ಹೇಳುವ ಮಾತಿನ ಮೇಲೆ ಕೊಳ್ಳುವವರು ಹೆಚ್ಚು ಅವಲಂಬಿತರು. ನೀತಿಯ ಪ್ರಶ್ನೆ ಬರುವುದೂ ಇಲ್ಲೇ.

ಮನೆಯ ವಯಸ್ಸು ಗೊತ್ತಾದರೆ ಏನು ಲಾಭ? ಚೌಕಾಸಿ ಮಾಡುವ ಬಲ ಬರುತ್ತದೆ. ಎರಡು ವರ್ಷದಿಂದ ಬೇಡಿಕೆ ಇಲ್ಲದ ಮನೆ ಅಂತ ಗೊತ್ತಿದ್ದವರು ‘ಇವತ್ತೇ ಟೋಕನ್ ಹಾಕಿ’ ಎಂಬ ಅವಸರಕ್ಕೆ ಬೀಳುವುದಿಲ್ಲ. ‘ಯಾಕೆ ಉಳಿಯಿತು?’ ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆ ತಪ್ಪಿಸುವುದಕ್ಕೇ ‘ಹೊಸ ಲಾಂಚ್’ ಅನ್ನುವ ಚೀಟಿ.

ಮನೆ ಯಾಕೆ ಉಳಿಯುತ್ತದೆ?

ಉಳಿದ ಮನೆ ಎಂದ ತಕ್ಷಣ ಕೆಟ್ಟ ಮನೆ ಅಂತಲ್ಲ. ರೇಟು ಜಾಸ್ತಿ ಇಟ್ಟಿರಬಹುದು. ಒಂದೇ ರಸ್ತೆಯಲ್ಲಿ ಒಂದೇ ಕಾಲಕ್ಕೆ ನಾಲ್ಕು ಕಟ್ಟಡ ಎದ್ದಿರಬಹುದು. ಜಕ್ಕೂರು, ಥಣಿಸಂದ್ರ, ಕೋಗಿಲು, ಬಾಗಲೂರು ಕಡೆ ಇದು ಸಾಮಾನ್ಯ. ದಿಕ್ಕು ವಾಸ್ತುವಿಗೆ ಹೊಂದದೆಯೋ, ನೆಲಮಹಡಿ ಬೇಡ ಅಂತಲೋ ಬಿಟ್ಟಿರಬಹುದು. ಇಂಥ ಮನೆ ಸರಿಯಾದ ಬೆಲೆಗೆ ಸಿಕ್ಕರೆ ಕೊಳ್ಳುವವರಿಗೇ ಲಾಭ.

ಆದರೆ ಬೇರೆ ಕಾರಣಗಳೂ ಇರುತ್ತವೆ. ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಬಂದಿಲ್ಲ. ಪ್ಲಾನ್ ಮೀರಿ ಒಂದು ಮಹಡಿ ಎಬ್ಬಿಸಲಾಗಿದೆ. ಖಾತಾ ಸಮಸ್ಯೆಯಿಂದ ಬ್ಯಾಂಕ್ ಲೋನ್ ಕೊಡುತ್ತಿಲ್ಲ. ಜಮೀನಿನ ಮೇಲೆ ಕೋರ್ಟ್ ಕೇಸಿದೆ. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರೇ ಗತಿಯಾಗಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾದ ಮೇಲೆ ‘ಕಾವೇರಿ ನೀರು ಲಭ್ಯ’ ಎಂಬ ಸಾಲು ಜಾಹೀರಾತಿಗೆ ಸುಲಭವಾಗಿ ಸೇರಿಕೊಳ್ಳುತ್ತದೆ. ರಸ್ತೆಯಲ್ಲಿ ಪೈಪು ಬಂದಿರುವುದು ಬೇರೆ, ಆ ಕಟ್ಟಡಕ್ಕೆ ಸಂಪರ್ಕ ಸಿಕ್ಕಿರುವುದು ಬೇರೆ. ‘ಮೆಟ್ರೊಗೆ ಐದೇ ನಿಮಿಷ’ ಎನ್ನುವಾಗಲೂ ಆ ನಿಲ್ದಾಣದಲ್ಲಿ ಈಗ ರೈಲು ಓಡುತ್ತಿದೆಯೋ, ಇನ್ನೂ ಕಾಮಗಾರಿಯೋ ಎಂದು ಕೇಳಬೇಕು.

ಓಸಿ ವಿಚಾರ ಈಗ ಮೊದಲಿಗಿಂತ ಗಂಭೀರ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ, ಇಂಥ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಹೇಳಿತು. ಆ ಬಳಿಕ ಬೆಂಗಳೂರಿನಲ್ಲೂ ಎಷ್ಟೋ ಕಟ್ಟಡಗಳಿಗೆ ಕಾಯಂ ವಿದ್ಯುತ್ ಸಂಪರ್ಕದ ತೊಂದರೆ ಎದುರಾಯಿತು. ‘ರೆಡಿ ಟು ಮೂವ್’ ಎಂದು ಮರುಪಟ್ಟಿಯಾದ ಮನೆಗೆ ಓಸಿ ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಬಿಡಿಎ ಕೂಡ ಮತ್ತೆ ಮತ್ತೆ ಕರೆದಿದೆ

ಮನೆ ಉಳಿಯುವುದು ಖಾಸಗಿಯವರಿಗೆ ಮಾತ್ರ ಬಂದ ಕಷ್ಟವಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಣಿಮಿಣಿಕೆ, ಕೊಮ್ಮಘಟ್ಟ ಮುಂತಾದ ಕಡೆ ಕಟ್ಟಿದ ಫ್ಲ್ಯಾಟುಗಳು ಒಂದೇ ಸಲಕ್ಕೆ ಮಾರಾಟವಾಗಲಿಲ್ಲ. ಪ್ರಾಧಿಕಾರ ಪದೇ ಪದೇ ಅರ್ಜಿ ಕರೆಯಿತು, ಫ್ಲ್ಯಾಟ್ ಮೇಳ ಮಾಡಿತು, ಬೆಲೆಯಲ್ಲಿ ರಿಯಾಯಿತಿ ಕೊಟ್ಟಿತು.

ಆ ಮನೆಗಳ ಗುಣಮಟ್ಟ, ದೂರದ ಬಗ್ಗೆ ಜನರ ತಕರಾರು ಏನೇ ಇರಲಿ, ಒಂದು ವಿಷಯ ಗಮನಿಸಬೇಕು. ಇವು ಉಳಿದ ಮನೆಗಳು ಅಂತ ಎಲ್ಲರಿಗೂ ಗೊತ್ತಿತ್ತು. ಯಾವ ಬಡಾವಣೆ, ಎಷ್ಟು ರೇಟು, ಎಷ್ಟು ರಿಯಾಯಿತಿ ಅನ್ನುವುದು ಪ್ರಕಟವಾಗಿತ್ತು. ಉಳಿದ ಮನೆಯನ್ನು ಉಳಿದ ಮನೆ ಅಂತಲೇ ಹೇಳಿ ಮಾರಬಹುದು ಅನ್ನುವುದಕ್ಕೆ ಇದು ಉದಾಹರಣೆ.

ಖಾಸಗಿ ಬಿಲ್ಡರ್‌ಗೆ ಅವಸರ ಇರುವುದೂ ನಿಜ. ಯೋಜನೆಗೆ ತಂದ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ. ಕಟ್ಟಡ ಪೂರ್ಣಗೊಂಡ ಆರ್ಥಿಕ ವರ್ಷ ಮುಗಿದು ಎರಡು ವರ್ಷ ಕಳೆದ ಮೇಲೆ, ಮಾರಾಟವಾಗದೆ ಉಳಿದ ಮನೆಗೆ ಬಾಡಿಗೆ ಬಂದಿದೆ ಎಂದು ಭಾವಿಸಿ ಆದಾಯ ತೆರಿಗೆ ಲೆಕ್ಕ ಹಾಕುವ ನಿಯಮವೂ ಇದೆ. ಹಾಗಾಗಿ ಬೇಗ ಮಾರಬೇಕೆಂಬ ಒತ್ತಡ ಸಹಜ. ಆ ಒತ್ತಡವನ್ನು ರಿಯಾಯಿತಿಯಾಗಿ ಗ್ರಾಹಕರಿಗೆ ಹಂಚಿದರೆ ಇಬ್ಬರಿಗೂ ಒಳ್ಳೆಯದು. ಸುಳ್ಳು ಅವಸರವಾಗಿ ಗ್ರಾಹಕರ ತಲೆ ಮೇಲೆ ಹೊರಿಸಿದರೆ ಅನ್ಯಾಯ.

ಕಾನೂನು ಏನು ಹೇಳುತ್ತದೆ?

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, 2016ರಲ್ಲಿ ಬಂತು. 2017ರ ಮೇ 1ರಿಂದ ಪೂರ್ತಿ ಜಾರಿಯಾಯಿತು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ‘ಮರುಪಟ್ಟಿ ಮಾಡಬಾರದು’ ಅಂತ ಇದರಲ್ಲಿ ಎಲ್ಲೂ ಇಲ್ಲ. ಆದರೆ ಮರುಪಟ್ಟಿಯ ಹೆಸರಲ್ಲಿ ಸುಳ್ಳು ಹೇಳುವುದಕ್ಕೆ ಅಡ್ಡ ಬರುವ ಕಲಮುಗಳು ಸಾಕಷ್ಟಿವೆ.

ಕಲಂ 3: ನೋಂದಣಿ ಇಲ್ಲದೆ ಜಾಹೀರಾತನ್ನೇ ಮಾಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ‘ಪ್ರೀ-ಲಾಂಚ್’ ಹೆಸರಲ್ಲಿ ದುಡ್ಡು ಕೇಳಿದರೆ ಅಲ್ಲೇ ಎಚ್ಚರವಾಗಬೇಕು.

ಕಲಂ 11: ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣುವಂತೆ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಎಷ್ಟು ಮನೆ ಬುಕ್ ಆಗಿದೆ ಅನ್ನುವ ಲೆಕ್ಕವನ್ನು ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟಿನಲ್ಲಿ ಹಾಕಬೇಕು.

ಕಲಂ 12: ಜಾಹೀರಾತು, ಬ್ರೋಷರ್ ಅಥವಾ ಮಾದರಿ ಮನೆ ನಂಬಿ ಮುಂಗಡ ಕೊಟ್ಟವರು, ಅದರಲ್ಲಿನ ಸುಳ್ಳಿನಿಂದ ನಷ್ಟ ಅನುಭವಿಸಿದರೆ ಪರಿಹಾರ ಕೇಳಬಹುದು. ಮನೆಯೇ ಬೇಡ ಎನಿಸಿದರೆ ಕೊಟ್ಟ ಪೂರ್ತಿ ಹಣವನ್ನು ಬಡ್ಡಿ ಸಮೇತ ವಾಪಸ್ ಪಡೆಯಬಹುದು.

ಕಲಂ 13: ಲಿಖಿತ ಮಾರಾಟ ಕರಾರು ಮಾಡಿ ನೋಂದಾಯಿಸದೆ ಮನೆಯ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ.

ಗ್ರಾಹಕ ರಕ್ಷಣೆಯ ಕಡೆಯಿಂದಲೂ ಹಿಡಿತ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಕೊಡುವ ಉದ್ದೇಶವೇ ಇಲ್ಲದ ಕಡಿಮೆ ಬೆಲೆ ತೋರಿಸಿ ಗಿರಾಕಿ ಸೆಳೆಯುವ ಗಾಳದ ಜಾಹೀರಾತಿಗೆ ಷರತ್ತು ಹಾಕಿದೆ. 2023ರ ನವೆಂಬರ್ 30ರ ಮಾರ್ಗಸೂಚಿ ಆನ್‌ಲೈನ್ ವ್ಯವಹಾರದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೊದಲನೆಯದೇ ‘ಸುಳ್ಳು ಅವಸರ’. ಇಲ್ಲದ ಬೇಡಿಕೆ ತೋರಿಸುವುದು, ಬೇಕಾದಷ್ಟು ಇದ್ದರೂ ಸ್ವಲ್ಪವೇ ಉಳಿದಿದೆ ಅನ್ನುವುದು ಅದರ ಲಕ್ಷಣ. ಮೂವತ್ತು ಮನೆ ಖಾಲಿ ಇಟ್ಟುಕೊಂಡು ‘ಮೂರೇ ಮೂರು ಉಳಿದಿದೆ’ ಅಂದರೆ ಅದೇ ಇದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಈ ಪ್ರಾಧಿಕಾರಕ್ಕಿದೆ.

ಬ್ರೋಷರ್ ಮಾತಿಗೆ ಬೆಲೆ ಇದೆಯೇ ಅನ್ನುವ ಪ್ರಶ್ನೆ ಬೆಂಗಳೂರಿನದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೇಗೂರು ಭಾಗದ ಡಿಎಲ್‌ಎಫ್ ಯೋಜನೆಯೊಂದರ 339 ಫ್ಲ್ಯಾಟ್ ಖರೀದಿದಾರರ ಆ ಪ್ರಕರಣದಲ್ಲಿ, 2020ರ ಆಗಸ್ಟ್ 24ರಂದು ತೀರ್ಪು ಬಂತು. ವಿಳಂಬಕ್ಕೆ ವಾರ್ಷಿಕ ಶೇ 6ರಂತೆ ಪರಿಹಾರ ಕೊಡಲು ಹೇಳಿದ ನ್ಯಾಯಾಲಯ, ಸೌಲಭ್ಯಗಳ ಬಗ್ಗೆ ಕೊಟ್ಟ ಮಾತಿಗೆ ಬಿಲ್ಡರ್ ಹೊಣೆಗಾರ ಎಂಬ ನಿಲುವನ್ನೂ ತಳೆಯಿತು. ಹಾಗಾಗಿ ಬ್ರೋಷರ್, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಮೆಸೇಜು ಯಾವುದನ್ನೂ ಅಳಿಸಬಾರದು. ಮುಂದೆ ಅದೇ ಸಾಕ್ಷಿ.

ಮನೆಯ ವಯಸ್ಸು ಹೇಳುವ ಮೂರು ಕಾಗದ

ಏಜೆಂಟ್ ಮಾತು ನಂಬುವುದೂ ಬೇಡ, ಅನುಮಾನದಲ್ಲೇ ಒಳ್ಳೇ ಮನೆ ಬಿಡುವುದೂ ಬೇಡ. ಮೂರು ದಾಖಲೆ ನೋಡಿದರೆ ಮರುಪಟ್ಟಿಯಾದ ಮನೆಯ ಚರಿತ್ರೆ ಬಹುಮಟ್ಟಿಗೆ ಗೊತ್ತಾಗುತ್ತದೆ.

ಒಂದು, ರೇರಾ ಪುಟ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಬೇಕು. ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗುತ್ತದೆ. ಮಧ್ಯದಲ್ಲಿ ‘ಪಿಆರ್’ ಇದ್ದರೆ ಅದು ಯೋಜನೆಯ ನೋಂದಣಿ, ‘ಎಜಿ’ ಇದ್ದರೆ ಏಜೆಂಟರ ನೋಂದಣಿ. ಬೋರ್ಡಿನಲ್ಲಿ ಏಜೆಂಟರ ಸಂಖ್ಯೆ ಹಾಕಿ ‘ರೇರಾ ಅಪ್ರೂವ್ಡ್’ ಎಂದರೆ ಯೋಜನೆಗೆ ನೋಂದಣಿ ಇದೆ ಅಂತಾಗುವುದಿಲ್ಲ. ನೋಂದಣಿ ಯಾವ ವರ್ಷದ್ದು, ಮುಗಿಸುತ್ತೇವೆ ಅಂದ ದಿನ ಯಾವುದು, ಅವಧಿ ವಿಸ್ತರಣೆ ಆಗಿದೆಯೇ, ಕಳೆದ ತ್ರೈಮಾಸಿಕಕ್ಕೆ ಎಷ್ಟು ಮನೆ ಬುಕ್ ಆಗಿತ್ತು ಅನ್ನುವುದನ್ನು ನೋಡಿ. 2019ರಲ್ಲಿ ನೋಂದಣಿಯಾದ ಯೋಜನೆ ಇವತ್ತು ‘ಹೊಸ ಲಾಂಚ್’ ಆಗಲು ಸಾಧ್ಯವಿಲ್ಲ. 80 ಮನೆಯಲ್ಲಿ 50 ಬುಕ್ ಆಗಿದೆ ಅಂತ ಬಿಲ್ಡರೇ ಲೆಕ್ಕ ಕೊಟ್ಟಿದ್ದರೆ ‘ಕೊನೇ ಮೂರು’ ಎಂಬ ಮಾತು ಅಲ್ಲೇ ಬಿತ್ತು.

ಎರಡು, ಇಸಿ, ಅಂದರೆ ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆ ಫ್ಲ್ಯಾಟಿಗೆ ಹಿಂದೆ ಯಾರಿಗಾದರೂ ಮಾರಾಟ ಕರಾರು ನೋಂದಣಿಯಾಗಿತ್ತೇ ಅನ್ನುವುದು ಇದರಲ್ಲಿ ಬರುತ್ತದೆ. ಕರಾರು ಇದ್ದರೆ ಅದರ ರದ್ದು ಪತ್ರವೂ ನೋಂದಣಿಯಾಗಿರಬೇಕು. ರದ್ದು ಪತ್ರ ಇಲ್ಲದ ಮನೆಗೆ ಟೋಕನ್ ಕೊಟ್ಟರೆ, ಹಳೇ ಗ್ರಾಹಕರು ಕೋರ್ಟಿಗೆ ಹೋದ ದಿನ ಹೊಸಬರೂ ಅವರ ಜೊತೆ ಅಲೆಯಬೇಕು. ರೇರಾ ಪ್ರಕಾರ ಬಿಲ್ಡರ್ ತನಗೆ ತೋಚಿದಂತೆ ಹಂಚಿಕೆ ರದ್ದು ಮಾಡುವಂತಿಲ್ಲ. ಕರಾರಿನ ಷರತ್ತಿನಂತೆ ಮಾತ್ರ ಮಾಡಬಹುದು. ಯೋಜನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ, ಆ ಮನೆಯನ್ನು ಬಿಡುಗಡೆ ಮಾಡಿದ ಬ್ಯಾಂಕಿನ ನಿರಾಕ್ಷೇಪಣಾ ಪತ್ರವನ್ನೂ ಕೇಳಿ.

ಮೂರು, ಓಸಿ. ಪ್ರತಿ ಕೇಳಿ, ತಾರೀಖು ನೋಡಿ. ಮನೆ ಎಷ್ಟು ಹಳೆಯದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಎಷ್ಟು ಮಹಡಿಗೆ, ಎಷ್ಟು ಮನೆಗೆ ಓಸಿ ಸಿಕ್ಕಿದೆ ಅನ್ನುವುದನ್ನೂ ಓದಬೇಕು. ಐದನೇ ಮಹಡಿ ಮನೆ ತೋರಿಸುತ್ತಿದ್ದು, ಓಸಿ ನಾಲ್ಕು ಮಹಡಿಗೆ ಮಾತ್ರ ಇದ್ದರೆ ಆ ಮನೆ ಯಾಕೆ ಉಳಿದಿದೆ ಅಂತ ಬೇರೆ ಕೇಳಬೇಕಾಗಿಲ್ಲ. ಇದರ ಜೊತೆಗೆ ಇ-ಖಾತಾ ಇದೆಯೇ ಅಂತಲೂ ನೋಡಿ.

ಇವುಗಳ ಆಚೆಗೆ ಒಂದು ಸುಲಭದ ಕೆಲಸ ಇದೆ. ಅದೇ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರನ್ನೋ, ಎದುರಿನ ಕಿರಾಣಿ ಅಂಗಡಿಯವರನ್ನೋ ಮಾತಾಡಿಸಿ. ‘ಅಣ್ಣಾ, ಇಲ್ಲಿ ಎಷ್ಟು ಮನೆ ತುಂಬಿದೆ? ನೀರು ಹೆಂಗೆ?’ ಅಂತ ಕೇಳಿದರೆ ಬ್ರೋಷರ್‌ನಲ್ಲಿ ಇಲ್ಲದ್ದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಫರ್ ಹಿಂದಿನ ಲೆಕ್ಕ

ಮರುಪಟ್ಟಿಯಾದ ಮನೆಗೆ ಬರುವ ಮಾಮೂಲಿ ಆಫರ್ ‘ಜಿಎಸ್‌ಟಿ ಫ್ರೀ’. ಇದರಲ್ಲಿ ಬಿಲ್ಡರ್ ಕೊಡುವ ಉಡುಗೊರೆ ಏನೂ ಇರುವುದಿಲ್ಲ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ದರದಂತೆ, ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ. ಬೆಂಗಳೂರಿನಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ ಮತ್ತು 45 ಲಕ್ಷ ರೂಪಾಯಿ ಮೀರದ ಮನೆಗೆ ಶೇ 1. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡ ಮನೆಗೆ ಜಿಎಸ್‌ಟಿಯೇ ಇಲ್ಲ. ಇಲ್ಲದ ತೆರಿಗೆಯನ್ನು ಮಾಫಿ ಮಾಡಿದೆವು ಅನ್ನುವುದು ಆಫರ್ ಹೇಗಾಗುತ್ತದೆ?

ಇಲ್ಲೇ ಒಂದು ಸೂಕ್ಷ್ಮ ಇದೆ. ಪೂರ್ತಿ ಹಣ ಆ ಪ್ರಮಾಣಪತ್ರದ ನಂತರ ಕೊಟ್ಟಿದ್ದರೆ ಮಾತ್ರ ಈ ಲಾಭ. ‘ಮುಂದಿನ ತಿಂಗಳು ಓಸಿ ಬರುತ್ತೆ, ಈಗಲೇ ಒಂದು ಲಕ್ಷ ಹಾಕಿ ಮನೆ ಹಿಡ್ಕೊಳ್ಳಿ ಮೇಡಂ’ ಎಂದಾಗ ದುಡ್ಡು ಹಾಕಿದರೆ ತೆರಿಗೆ ಮೈಮೇಲೆ ಬರಬಹುದು. 80 ಲಕ್ಷದ ಮನೆಗೆ ಶೇ 5 ಅಂದರೆ 4 ಲಕ್ಷ ರೂಪಾಯಿ.

‘ರಿಜಿಸ್ಟ್ರೇಷನ್ ಫ್ರೀ’ ಎಂದರೆ ಮುದ್ರಾಂಕ ಶುಲ್ಕವೂ ಸೇರಿದೆಯೋ, ನೋಂದಣಿ ಶುಲ್ಕ ಮಾತ್ರವೋ ಎಂದು ಬರಹದಲ್ಲಿ ಪಡೆಯಬೇಕು. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಅದಕ್ಕಿಂತ ದೊಡ್ಡ ಮೊತ್ತ.

ವರ್ಷಗಟ್ಟಲೆ ಖಾಲಿ ಇದ್ದ ಮನೆಯಾದರೆ ಇನ್ನೆರಡು ಪ್ರಶ್ನೆ ಕೇಳಿ. ಇಷ್ಟು ದಿನದ ಮೇಂಟೆನೆನ್ಸ್ ಮತ್ತು ಆಸ್ತಿ ತೆರಿಗೆ ಯಾರು ಕಟ್ಟಿದ್ದಾರೆ? ಸ್ವಾಧೀನ ಕೊಡುವವರೆಗಿನ ಬಾಕಿ ಬಿಲ್ಡರ್ ಜವಾಬ್ದಾರಿ. ಅಸೋಸಿಯೇಷನ್‌ನಿಂದ ‘ಬಾಕಿ ಇಲ್ಲ’ ಪತ್ರ ಪಡೆಯಿರಿ. ಎರಡನೆಯದು, ಕಟ್ಟಡದ ದೋಷಕ್ಕೆ ರೇರಾ ಕೊಟ್ಟಿರುವ 5 ವರ್ಷದ ಹೊಣೆ ಸ್ವಾಧೀನ ಕೊಟ್ಟ ದಿನದಿಂದ ಲೆಕ್ಕ. ಆ ದಿನಾಂಕ ಸ್ಪಷ್ಟವಾಗಿ ಬರೆದ ಸ್ವಾಧೀನ ಪತ್ರ ಕೈಯಲ್ಲಿರಲಿ. ನೀರು ಸೋರಿಕೆ, ಬಾಗಿಲು, ವೈರಿಂಗ್ ಪರೀಕ್ಷಿಸಿ, ರಿಪೇರಿ ಮಾಡಿಸಿಕೊಂಡೇ ಬೀಗ ತೆಗೆದುಕೊಳ್ಳಿ.

ಕಮಿಷನ್ ತೆಗೆದುಕೊಳ್ಳುವ ಅಂಗಡಿಯವರು ಗಮನಿಸಿ

ಜೆರಾಕ್ಸ್ ಅಂಗಡಿ, ಮೊಬೈಲ್ ಅಂಗಡಿ, ಟೀ ಅಂಗಡಿಗಳಲ್ಲಿ ‘ಫ್ಲ್ಯಾಟ್ ಮಾರಾಟಕ್ಕಿದೆ’ ಚೀಟಿ ಅಂಟಿಸಿ, ಪಾರ್ಟಿ ಕಳಿಸಿದ್ದಕ್ಕೆ ಇಷ್ಟು ಅಂತ ತೆಗೆದುಕೊಳ್ಳುವುದು ನಡೆದೇ ಇದೆ. ರೇರಾ ನೋಂದಾಯಿತ ಯೋಜನೆಯ ಮನೆಯಾಗಿದ್ದರೆ, ಕಮಿಷನ್‌ಗಾಗಿ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸುವವರು ಕಾಯ್ದೆಯ ಕಣ್ಣಿನಲ್ಲಿ ಏಜೆಂಟರು. ಕಲಂ 9ರ ಪ್ರಕಾರ ನೋಂದಣಿ ಬೇಕು. ಇಲ್ಲದಿದ್ದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ ಬೀಳಬಹುದು. ಅದು ಮಾರಾಟ ಮಾಡಿಸಿದ ಮನೆಯ ಬೆಲೆಯ ಶೇ 5ರವರೆಗೆ ಏರಬಹುದು. ನೋಂದಣಿ ಇರುವ ಏಜೆಂಟರೂ ಸುಳ್ಳು ಮಾಹಿತಿ ಕೊಟ್ಟು ಮಾರುವಂತಿಲ್ಲ. ‘ಬಿಲ್ಡರ್ ಕಳಿಸಿದ್ದನ್ನ ಸ್ಟೇಟಸ್ ಹಾಕಿದೆ ಅಷ್ಟೇ’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದು ಕಷ್ಟ.

ಕಾನೂನು ಬದಿಗಿಟ್ಟರೂ ಒಂದು ಮಾತಿದೆ. ಬಿಲ್ಡರ್ ಕಟ್ಟಡ ಮುಗಿಸಿ ಬೇರೆ ಊರಿಗೆ ಹೋಗುತ್ತಾರೆ. ಅಂಗಡಿಯವರು ಅದೇ ಬೀದಿಯಲ್ಲಿ ಇರುತ್ತಾರೆ. ಮನೆ ಕೊಂಡು ಸಿಕ್ಕಿಬಿದ್ದವರು ದಿನಾ ಬೆಳಿಗ್ಗೆ ಹಾಲು ತರಲು ಬರುವುದು ಅವರ ಅಂಗಡಿಗೇ.

ರೇರಾ ವ್ಯಾಪ್ತಿಗೆ ಬಾರದ ಮನೆಗಳು

ಆರ್.ಟಿ. ನಗರ, ಯಶವಂತಪುರ, ವಿದ್ಯಾರಣ್ಯಪುರ, ಯಲಹಂಕ ಉಪನಗರದ ಒಳರಸ್ತೆಗಳಲ್ಲಿ 40-60 ಸೈಟಿನ ಮೇಲೆ ಆರೋ ಎಂಟೋ ಫ್ಲ್ಯಾಟ್ ಕಟ್ಟಿ ಮಾರುವವರು ಬಹಳ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. 40-60 ಸೈಟು ಅಂದರೆ ಸುಮಾರು 223 ಚದರ ಮೀಟರ್. ಹಾಗಾಗಿ ಇಂಥ ಮನೆಗಳಿಗೆ ತ್ರೈಮಾಸಿಕ ಲೆಕ್ಕ ಎಲ್ಲೂ ಸಿಗುವುದಿಲ್ಲ. ಇಲ್ಲಿ ಇಸಿ, ಮಂಜೂರಾದ ಪ್ಲಾನ್, ಖಾತಾ ಮತ್ತು ಅಕ್ಕಪಕ್ಕದವರ ಮಾತೇ ಆಧಾರ. ಪ್ಲಾನ್‌ನಲ್ಲಿ ಎಷ್ಟು ಮನೆಗೆ ಅನುಮತಿ ಇದೆ, ಕಟ್ಟಿರುವುದು ಎಷ್ಟು ಅಂತ ಎಣಿಸಿ ನೋಡುವುದು ಬಹಳ ಮುಖ್ಯ. ವಕೀಲರಿಗೆ ಕಾಗದ ತೋರಿಸುವ ಖರ್ಚು ಇಲ್ಲಿ ದಂಡವಲ್ಲ.

ಸ್ವಂತ ಮನೆ ಮಾರುವವರು ಪೋರ್ಟಲ್‌ನಲ್ಲಿ ಮತ್ತೆ ಮತ್ತೆ ಪೋಸ್ಟ್ ಹಾಕುವುದಕ್ಕೂ ರೇರಾ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೂ ‘ಎಷ್ಟು ದಿನದಿಂದ ಮಾರಾಟಕ್ಕಿದೆ, ಹಿಂದೆ ಅಡ್ವಾನ್ಸ್ ಕೊಟ್ಟವರು ಯಾಕೆ ಬಿಟ್ಟರು?’ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಮೋಸ ಆಗಿದ್ದರೆ ಎಲ್ಲಿಗೆ ಹೋಗಬೇಕು?

ನೋಂದಾಯಿತ ಯೋಜನೆಯಾದರೆ ಕರ್ನಾಟಕ ರೇರಾಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಕಚೇರಿ ಮಿಷನ್ ರಸ್ತೆಯ ಯೂನಿಟಿ ಬಿಲ್ಡಿಂಗ್ ಸಂಕೀರ್ಣದಲ್ಲಿದೆ. ಹಣ ವಾಪಸ್ ಆದೇಶವಾದರೆ ಕರ್ನಾಟಕದ ನಿಯಮದಂತೆ ಬಡ್ಡಿ ದರ, ಎಸ್‌ಬಿಐ ಸಾಲದ ಗರಿಷ್ಠ ಎಂಸಿಎಲ್‌ಆರ್ ಮೇಲೆ ಶೇ 2.

ರೇರಾ ಇಲ್ಲದ ಮನೆಗೆ ಗ್ರಾಹಕರ ಆಯೋಗ ಇದೆ. ಕೊಟ್ಟ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು 2 ಕೋಟಿವರೆಗೆ ರಾಜ್ಯ ಆಯೋಗ. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮಾರುವವರೂ ಪ್ರಾಮಾಣಿಕವಾಗಿ ಮರುಪಟ್ಟಿ ಮಾಡಬಹುದು

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ‘ನ್ಯೂ ಲಾಂಚ್’ ಬದಲು ‘ಪೂರ್ಣಗೊಂಡ ಕಟ್ಟಡ, ಓಸಿ ಇಂಥ ವರ್ಷ’ ಅಂತ ಬರೆದರೆ ಸಾಕು. ಉಳಿದಿರುವ ಮನೆಗಳ ನಿಜವಾದ ಸಂಖ್ಯೆ ಹೇಳಬೇಕು. ರದ್ದಾಗಿ ಬಂದ ಮನೆಯಾದರೆ ರದ್ದು ಪತ್ರ ತೋರಿಸಬೇಕು. ಮಾರಾಟವಾದ ಮನೆಯ ಪೋಸ್ಟ್ ಅದೇ ವಾರ ತೆಗೆಯಬೇಕು. ರೇಟು ಇಳಿಸಿದ್ದರೆ ಇಳಿಸಿದ್ದೇವೆ ಅಂತ ಹೇಳಬೇಕು. ಮೊದಲೇ ಹೆಚ್ಚು ಕೊಟ್ಟು ಕೊಂಡವರು ಅದೇ ಕಟ್ಟಡದಲ್ಲಿ ಇರುತ್ತಾರೆ, ಅವರಿಗೆ ಹೇಗೂ ಗೊತ್ತಾಗುತ್ತದೆ.

ಓಸಿ ಇರುವ, ನೀರು ಬರುವ, ಪಕ್ಕದ ಮನೆಯವರನ್ನು ಮಾತಾಡಿಸಿ ನೋಡಬಹುದಾದ ಸಿದ್ಧ ಮನೆಗೆ ಬೇಡಿಕೆ ಇದ್ದೇ ಇದೆ. ಕಾಗದದ ಮೇಲಿನ ಕಟ್ಟಡಕ್ಕೆ ಮುಂಗಡ ಕೊಟ್ಟು ವರ್ಷಗಟ್ಟಲೆ ಬಾಡಿಗೆ ಮತ್ತು ಇಎಂಐ ಎರಡನ್ನೂ ಕಟ್ಟಿ ಸುಸ್ತಾದವರಿಗೆ ಅಂಥ ಮನೆಯೇ ಬೇಕು. ಉಳಿದಿದ್ದು ಅನ್ನುವುದು ಅದರ ಕಳಂಕವಲ್ಲ. ಉಳಿದ ಕಾರಣವನ್ನು ಟೋಕನ್ ಕೊಡುವ ಮೊದಲು ಹೇಳುತ್ತಾರೋ, ಕೊಟ್ಟ ಮೇಲೆ ನಾವೇ ಕಂಡುಕೊಳ್ಳಬೇಕೋ ಅನ್ನುವುದಷ್ಟೇ ವ್ಯತ್ಯಾಸ. ‘ಇವತ್ತೇ ಕೊನೇ ದಿನ’ ಅಂದವರಿಗೆ, ‘ರೇರಾ ಪುಟ, ಇಸಿ, ಓಸಿ ಮೂರೂ ಕಳಿಸಿ, ನೋಡಿ ನಾಳೆ ಹೇಳ್ತೀವಿ’ ಅನ್ನಿ. ಸರಿಯಾದ ಮನೆಯಾದರೆ ನಾಳೆಯೂ ಅಲ್ಲೇ ಇರುತ್ತದೆ.